ಒಂದೇ ಕಪ್ಪೆ ಕುಲ, ಮೂರು ಸಾಫ್ಟ್‌ವೇರ್

ಕೊಡವರ ಕಕ್ಕಡ ತಿಂಗಳ ಮಳೆ ಹಿಡಿದರೆ ಮಡಿಕೇರಿಯ ನಮ್ಮ ಮನೆಯಲ್ಲಿ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ. ಪುಣ್ಯಕ್ಕೆ ಲೆಕ್ಕ ನಡೆಯುವುದು ದೂರದ ಯೂನಿವರ್ಸಿಟಿ ಕ್ಲಸ್ಟರ್‌ನಲ್ಲಿ, ಅಂದರೆ ಒಟ್ಟಾಗಿ ದುಡಿಯುವ ಕಂಪ್ಯೂಟರ್‌ಗಳ ಗುಂಪಿನಲ್ಲಿ. ಫೋನಿನ ಹಾಟ್‌ಸ್ಪಾಟ್ ಹಿಡಿದು ಅಲ್ಲಿನ ಸರದಿ ನೋಡಿಕೊಳ್ಳುವ ಸ್ಲರ್ಮ್‌ನ ಕ್ಯೂಗೆ ಜಾಬ್ ಹಾಕಿಬಿಟ್ಟರೆ, ಇಲ್ಲಿ ಕತ್ತಲಾದರೂ ಅದು ಓಡುತ್ತಿರುತ್ತದೆ.

ಯಾವ ಜಾತಿ ಯಾವುದಕ್ಕೆ ಹತ್ತಿರದ ನೆಂಟ ಎಂದು ತೋರಿಸುವ ವಿಕಾಸವೃಕ್ಷ ಕಟ್ಟಬೇಕಿದ್ದದ್ದು ರಾವೋರ್ಕೆಸ್ಟಿಸ್ ಕಪ್ಪೆಗಳದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರ ಹೆಸರನ್ನು 2010ರಲ್ಲಿ ಈ ಕುಲಕ್ಕೆ ಇಟ್ಟರು. ಗೊದಮೊಟ್ಟೆಯಾಗದೆ ಮೊಟ್ಟೆಯಿಂದ ನೇರ ಮರಿಗಪ್ಪೆಯೇ ಹೊರಬರುವ ಜಾತಿ ಇವು. ಡಿಎನ್‌ಎ ಸರಣಿಗಳನ್ನು ಎಲ್ಲರಿಗೂ ತೆರೆದಿರುವ ಜೆನ್‌ಬ್ಯಾಂಕ್ ಸಂಗ್ರಹದಿಂದ ಇಳಿಸಿಕೊಂಡೆ.

ಮರ ಕಟ್ಟುವ ಮೂರು ಸಾಫ್ಟ್‌ವೇರ್‌ಗಳಲ್ಲಿ ಮೊದಲು ರಾಕ್ಸ್‌ಎಂಎಲ್‌ನ 8ನೇ ಆವೃತ್ತಿ, ಕ್ಲಸ್ಟರ್‌ನಲ್ಲಿ ಮೊದಲೇ ಹಾಕಿಟ್ಟಿದ್ದರು ಅಂತ. ಹಿಂದಿನ ಸಲದ ಫೈಲ್ ಅದೇ ಹೆಸರಿನಲ್ಲಿ ಬಿದ್ದಿದ್ದರೆ ಇದು ಮುಂದಡಿ ಇಡುವುದಿಲ್ಲ. ಎರಡು ದಿನ ಕ್ಯೂನಲ್ಲಿ ಕಾದ ಜಾಬ್ ಕ್ಷಣದಲ್ಲಿ ಸತ್ತದ್ದು ಹೀಗೆ. ಇನ್ನೊಂದು ತಪ್ಪು ಪೂರ್ತಿ ನನ್ನದೇ. ಪುಟ್ಟ ಡೇಟಾಗೆ 32 ಕೋರ್ ಕೇಳಿದೆ. ಹತ್ತು ಗಿಡದ ಕಾಫಿ ಕುಯ್ಯಲು 32 ಆಳು ಕರೆದ ಹಾಗಾಯಿತು: ಒಂದರ ಕೆಳಗೊಂದು ಜೋಡಿಸಿದ ಸರಣಿಗಳ ಕಾಲಂಗಳನ್ನು ಥ್ರೆಡ್‌ಗಳು, ಅಂದರೆ ಒಂದೊಂದು ಕೋರ್‌ನಲ್ಲಿ ಓಡುವ ಕೆಲಸದ ಎಳೆಗಳು, ಹಂಚಿಕೊಳ್ಳುತ್ತವೆ, ಪಾಲು ತೀರಾ ಚಿಕ್ಕದಾದರೆ ಒಂದಕ್ಕೊಂದು ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ನಾಲ್ಕಕ್ಕೆ ಇಳಿಸಿದ ಮೇಲೆ ಬೇಗ ಮುಗಿಯಿತು, ಕ್ಯೂನಲ್ಲಿ ಸರದಿಯೂ ಬೇಗ ಬಂತು.

ಐಕ್ಯೂ-ಟ್ರೀ ಈ ತಲೆನೋವನ್ನು ತಾನೇ ಹೊರುತ್ತದೆ. ಹೇಳಿದರೆ ಥ್ರೆಡ್ ಎಷ್ಟು ಬೇಕೆಂದು ಅಳೆದು ನೋಡುತ್ತದೆ, ಡಿಎನ್‌ಎ ಬದಲಾವಣೆಯ ಯಾವ ಮಾದರಿ ಹೊಂದುತ್ತದೆಂದು ಅದರೊಳಗಿನ ಮಾಡೆಲ್‌ಫೈಂಡರ್ ಆರಿಸಿಕೊಡುತ್ತದೆ. ಸಮಯ ಮೀರಿ ಸ್ಲರ್ಮ್ ಕೊಂದರೆ ಅದೇ ಆದೇಶವನ್ನು ಮತ್ತೆ ಕೊಟ್ಟರಾಯಿತು, ನಿಂತಲ್ಲಿಂದಲೇ ಹೊರಡುತ್ತದೆ. ನನಗೆ ಇಷ್ಟು ಸಾಕಿತ್ತು, ಆದರೆ ಒಂದು ಕಡೆ ಎಡವಿದೆ. ಬೂಟ್‌ಸ್ಟ್ರ್ಯಾಪ್ ಅಂದರೆ ಡೇಟಾದಿಂದ ಮತ್ತೆ ಮತ್ತೆ ಕಾಲಂ ಆರಿಸಿ ಮರ ಕಟ್ಟಿದಾಗ ಅದೇ ಕೊಂಬೆ ನೂರಕ್ಕೆ ಎಷ್ಟು ಸಲ ಬರುತ್ತದೆಂಬ ಅಂಕ. ರಾಕ್ಸ್‌ಎಂಎಲ್‌ನಲ್ಲಿ 78 ಬೂಟ್‌ಸ್ಟ್ರ್ಯಾಪ್ ಇದ್ದ ಕೊಂಬೆ ಇಲ್ಲಿ 93 ತೋರಿಸಿದಾಗ, ‘ಆಹಾ, ಗಟ್ಟಿಯಾಯಿತು’ ಎಂದು ಹಿಗ್ಗಿದ್ದೆ. ಐಕ್ಯೂ-ಟ್ರೀಯ ಅತಿವೇಗದ ಬೂಟ್‌ಸ್ಟ್ರ್ಯಾಪ್‌ನ ಅಳತೆಗೋಲೇ ಬೇರೆ. ಹಳೆಯ ವಿಧಾನದಲ್ಲಿ 70 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಇದರಲ್ಲಿ 95 ಬೇಕು. ಅಂಕ ಏರಿತ್ತು, ಕೊಂಬೆ ಮಾತ್ರ ಪಾಸಾಗಿರಲಿಲ್ಲ.

ಮಿಸ್ಟರ್‌ಬೇಯ್ಸ್ ನಿಧಾನಿ. ಬೇರೆಬೇರೆಯಾಗಿ ಹೊರಡುವ ಎರಡು ಓಟ, ಒಂದೊಂದರಲ್ಲೂ ಮರದಿಂದ ಮರಕ್ಕೆ ಹೆಜ್ಜೆಯಿಡುತ್ತ ಹುಡುಕುವ ನಾಲ್ಕು ಸರಪಳಿ. ಹೆಚ್ಚೆಂದರೆ 8 ಪ್ರೊಸೆಸ್‌ಗೆ ಕೆಲಸವುಂಟು, ಅದಕ್ಕಿಂತ ಹೆಚ್ಚು ಕೊಟ್ಟು ಪ್ರಯೋಜನವಿಲ್ಲ. ಎರಡೂ ಓಟಗಳಲ್ಲಿ ಕವಲುಗಳು ಕಾಣಿಸುವ ಪ್ರಮಾಣದ ಸರಾಸರಿ ವ್ಯತ್ಯಾಸ 0.01ಕ್ಕಿಂತ ಕೆಳಗಿಳಿಯಲಿ, ಅಂದರೆ ಎರಡೂ ಒಂದೇ ಉತ್ತರಕ್ಕೆ ಬರಲಿ ಎಂದು ಕಾದೆ. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಉಂಡಾಗಲೂ ಇಳಿದಿರಲಿಲ್ಲ. “ನಿನ್ನ ಕಪ್ಪೆ ಇನ್ನೂ ಬೇಯಲಿಲ್ಲವಾ?” ಎಂದು ಅವ್ವ ದಿನಾ ಕೇಳುತ್ತಿದ್ದರು. ಮಧ್ಯೆ ಜಾಬ್ ಒಮ್ಮೆ ಸತ್ತಿತು. ಇಲ್ಲಿ ಮುಂದುವರಿಸೆಂದು ನಾವೇ ಆದೇಶದ ಫೈಲ್‌ನಲ್ಲಿ ಬರೆಯಬೇಕು.

ಈಗ ದಿನನಿತ್ಯಕ್ಕೆ ಐಕ್ಯೂ-ಟ್ರೀ. ಆದರೂ ಮಿಸ್ಟರ್‌ಬೇಯ್ಸ್‌ಗೆ ಕಾದದ್ದಕ್ಕೆ ಬೇಸರವಿಲ್ಲ. ಬುಡದ ಹತ್ತಿರ ಒಂದು ಕವಲಿಗೆ ಬೂಟ್‌ಸ್ಟ್ರ್ಯಾಪ್ ತೀರಾ ಕಡಿಮೆಯಿದ್ದರೂ ಉಳಿದೆರಡು ಅಲ್ಲಿ ಎರಡೆರಡಾಗಿ ಸೀಳಿದ ಚೊಕ್ಕ ಮರವನ್ನೇ ಬರೆದುಕೊಟ್ಟಿದ್ದವು. ಮಿಸ್ಟರ್‌ಬೇಯ್ಸ್ ಮಾತ್ರ ಯಾವುದು ಮೊದಲು ಕವಲೊಡೆಯಿತೆಂದು ಹೇಳದೆ ಮೂರು ಕೊಂಬೆಗಳನ್ನು ಒಂದೇ ಗಂಟಿನಲ್ಲಿ ಬಿಟ್ಟಿತು. ಅದನ್ನು ಬಿಡಿಸಲು ಇನ್ನೊಂದು ಜೀನ್ ಸೇರಿಸಿ, ನಿನ್ನೆ ರಾತ್ರಿ ಮತ್ತೆ ಕ್ಯೂಗೆ ಹಾಕಿದ್ದೇನೆ. ನಾಲ್ಕೇ ಕೋರ್.