ಬ್ರೌಸರ್‌ನೊಳಗಿನ ಡೆವ್‌ಟೂಲ್ಸ್: ವೆಬ್ ಕಲಿಯಲು ಹೊರಟವರಿಗೆ ಇದು ಎಷ್ಟು ಕಲಿಸುತ್ತದೆ?

ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟವರು ಮೊದಲು ಹುಡುಕುವುದು ಕೋರ್ಸು, ಎಡಿಟರು, ಫ್ರೇಮ್‌ವರ್ಕು. ಇವುಗಳಿಗಿಂತ ಹೆಚ್ಚು ಕಲಿಸುವ ಸಾಧನ ಬ್ರೌಸರ್‌ನ ಒಳಗೇ ಇದೆ: ಡೆವ್‌ಟೂಲ್ಸ್, ಅಂದರೆ ಪುಟದ ಒಳರಚನೆ ತೋರಿಸುವ ಡೆವಲಪರ್ ಉಪಕರಣಗಳು. ಅದಕ್ಕೆ ಕಾಸು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡಬೇಕಿಲ್ಲ. ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸ್ ತೆರೆದು ಎಫ್12 ಒತ್ತಿದರೆ ಸಾಕು. ಪುಟದ ಯಾವುದೇ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಆರಿಸಿದರೆ ನೇರವಾಗಿ ಆ ಭಾಗದ ಕೋಡ್ ಮುಂದೆಯೇ ತೆರೆದುಕೊಳ್ಳುತ್ತದೆ. ಸಫಾರಿಯಲ್ಲಿ ಮಾತ್ರ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಿ ಡೆವಲಪರ್ ಸೌಲಭ್ಯಗಳನ್ನು ಮೊದಲು ಆನ್ ಮಾಡಿಕೊಳ್ಳಬೇಕು.

2006ರಲ್ಲಿ ಫೈರ್‌ಫಾಕ್ಸ್‌ಗೆ ಫೈರ್‌ಬಗ್ ಎಂಬ ಎಕ್ಸ್‌ಟೆನ್ಷನ್ ಬಂದಾಗ ಈ ಬಗೆಯ ಉಪಕರಣ ಜನಪ್ರಿಯವಾಯಿತು. ಆ ಕೆಲಸವನ್ನೆಲ್ಲ ಬ್ರೌಸರ್‌ಗಳೇ ಒಳಗೆ ಸೇರಿಸಿಕೊಂಡ ಮೇಲೆ, 2017ರಲ್ಲಿ ಫೈರ್‌ಬಗ್ ನಿಂತಿತು. ಈ ವಿಮರ್ಶೆ ಕಂಪ್ಯೂಟರ್‌ನ ಕ್ರೋಮ್ ಮತ್ತು ಫೈರ್‌ಫಾಕ್ಸ್ ಡೆವ್‌ಟೂಲ್ಸ್ ಬಗ್ಗೆ, ಅದೂ ಹೊಸಬರ ಕಣ್ಣಿನಿಂದ. ಎಡ್ಜ್‌ನದು ಹೆಚ್ಚೂಕಡಿಮೆ ಕ್ರೋಮ್‌ನದೇ.

ಮೊದಲು ತೆರೆಯಬೇಕಾದದ್ದು ಎಲಿಮೆಂಟ್ಸ್ ಪ್ಯಾನೆಲ್. ಫೈರ್‌ಫಾಕ್ಸ್‌ನಲ್ಲಿ ಇದರ ಹೆಸರು ಇನ್‌ಸ್ಪೆಕ್ಟರ್. ಇಲ್ಲಿ ಕಾಣುವುದು ನೀವು ಬರೆದ ಎಚ್‌ಟಿಎಂಎಲ್ (ಪುಟದ ರಚನೆ ಬರೆಯುವ ಭಾಷೆ) ಫೈಲ್ ಅಲ್ಲ. ಆ ಫೈಲನ್ನು ಓದಿ ಬ್ರೌಸರ್ ತನ್ನ ಮೆಮೊರಿಯಲ್ಲಿ ಕಟ್ಟಿಕೊಂಡ ಮರ, ಅಂದರೆ ಡಾಮ್. ಈ ವ್ಯತ್ಯಾಸ ತಿಳಿಯದೆ ಒದ್ದಾಡುವವರೇ ಹೆಚ್ಚು. ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿದರೆ ಸರ್ವರ್ ಕಳಿಸಿದ ಮೂಲ ಪಠ್ಯ ಕಾಣುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಒಂದು ಪ್ರಯೋಗ ಮಾಡಿ. ಒಂದು ಪಿ (ಪ್ಯಾರಾ) ಟ್ಯಾಗ್ ತೆರೆದು, ಒಂದು ಸಾಲು ಬರೆದು, ಅದರೊಳಗೆ ಒಂದು ಡಿವ್ (ಬೇರೆ ಅಂಶಗಳನ್ನು ಹಿಡಿದಿಡುವ ಡಬ್ಬಿ) ಇಟ್ಟು, ಆಮೇಲೆ ಪಿ ಮುಚ್ಚಿ. ಫೈಲಿನಲ್ಲಿ ಡಿವ್ ಪಿಯ ಒಳಗಿದೆ. ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ನೋಡಿದರೆ ಚಿತ್ರವೇ ಬೇರೆ: ಮೊದಲು ಆ ಸಾಲಿರುವ ಪಿ, ಅದರ ಪಕ್ಕಕ್ಕೆ ಸ್ವತಂತ್ರವಾಗಿ ಡಿವ್, ಕೊನೆಯಲ್ಲಿ ಒಂದು ಖಾಲಿ ಪಿ. ಎಚ್‌ಟಿಎಂಎಲ್ ನಿಯಮದ ಪ್ರಕಾರ ಪಿಯೊಳಗೆ ಡಿವ್ ಬರುವಂತಿಲ್ಲ. ಹಾಗಾಗಿ ಡಿವ್ ಕಂಡ ಕೂಡಲೇ ಬ್ರೌಸರ್ ಪಿಯನ್ನು ತಾನೇ ಮುಚ್ಚಿಬಿಡುತ್ತದೆ. ಕೊನೆಗೆ ಸಿಗುವ ಒಂಟಿ ಮುಚ್ಚುವ ಟ್ಯಾಗ್‌ಗೆ ಹೊಸದೊಂದು ಖಾಲಿ ಪಿ ಹುಟ್ಟಿಸುತ್ತದೆ. ಪಿಯೊಳಗಿನ ಡಿವ್‌ಗೆಂದು ಬರೆದ ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ಯಾಕೆ ಹತ್ತುತ್ತಿಲ್ಲ, ಎಲ್ಲೋ ಒಂದು ಸಾಲಿನಷ್ಟು ಜಾಗ ಯಾಕೆ ಖಾಲಿ ಬಿದ್ದಿದೆ ಎಂಬ ಎರಡು ಪ್ರಶ್ನೆಗೂ ಉತ್ತರ ಆ ಮರದಲ್ಲೇ ಇದೆ. ಟೇಬಲ್ ಬರೆಯುವಾಗ ಟಿಬಾಡಿ ಬಿಟ್ಟರೂ ಬ್ರೌಸರ್ ಸೇರಿಸಿಕೊಳ್ಳುತ್ತದೆ; ಅದೂ ಇಲ್ಲಿಯೇ ಕಾಣುತ್ತದೆ.

ಎಲಿಮೆಂಟ್ಸ್ ಪಕ್ಕದ ಸ್ಟೈಲ್ಸ್ ಭಾಗ ಈ ಇಡೀ ಉಪಕರಣದ ಅತ್ಯುತ್ತಮ ಅಂಗ ಎಂಬುದು ನಮ್ಮ ಅಭಿಪ್ರಾಯ. ಬರೆದ ಸಿಎಸ್‌ಎಸ್ ಸಾಲು ಕೆಲಸ ಮಾಡದಿರಲು ಮುಖ್ಯವಾಗಿ ಮೂರು ಕಾರಣ, ಮೂರಕ್ಕೂ ಇಲ್ಲಿ ಬೇರೆ ಬೇರೆ ಗುರುತು. ಸಾಲಿನ ಮೇಲೆ ಗೆರೆ ಮಾತ್ರ ಎಳೆದಿದ್ದರೆ ಬೇರೊಂದು ನಿಯಮ ಅದನ್ನು ಸೋಲಿಸಿದೆ. ಹಳದಿ ತ್ರಿಕೋನ ಇದ್ದರೆ ಬರೆದದ್ದೇ ತಪ್ಪು. ಮಂಕಾಗಿದ್ದರೆ ಸಾಲು ಸರಿಯಿದೆ, ಆದರೆ ಈ ಎಲಿಮೆಂಟ್‌ನ ಮೇಲೆ ಅದಕ್ಕೆ ಪರಿಣಾಮವಿಲ್ಲ.

ಕೊನೆಗೆ ಬರೆದ ನಿಯಮವೇ ಗೆಲ್ಲುತ್ತದೆ ಎಂದು ಹಲವರು ನಂಬಿರುತ್ತಾರೆ. ಅದು ನಿಜವಾಗುವುದು ಎರಡು ನಿಯಮಗಳ ಸ್ಪೆಸಿಫಿಸಿಟಿ, ಅಂದರೆ ತೂಕ, ಸಮವಾಗಿದ್ದಾಗ ಮಾತ್ರ. ಕ್ರೋಮ್‌ನಲ್ಲಿ ಸೆಲೆಕ್ಟರ್ (ನಿಯಮ ಯಾವ ಎಲಿಮೆಂಟ್‌ಗೆ ಎಂದು ಹೇಳುವ ಭಾಗ) ಮೇಲೆ ಮೌಸ್ ಇಟ್ಟರೆ ಮೂರು ಅಂಕಿ ಕಾಣುತ್ತವೆ. ಕಾರ್ಡ್ ಎಂಬ ಕ್ಲಾಸ್‌ನೊಳಗಿನ ಪಿಗೆ 0,1,1. ಬರೀ ಪಿಗೆ 0,0,1. ಬರೀ ಪಿ ನಿಯಮವನ್ನು ಫೈಲಿನ ಕಟ್ಟಕಡೆಗೆ ಬರೆದರೂ ಅದು ಸೋಲುತ್ತದೆ, ಯಾಕೆಂದರೆ ಹೋಲಿಕೆ ಎಡಗಡೆಯ ಅಂಕಿಯಿಂದ ಶುರುವಾಗುತ್ತದೆ. ಇದು ತಿಳಿದವರು ಪ್ರತಿ ಸಾಲಿಗೂ ಅದನ್ನು ಬಲವಂತವಾಗಿ ಗೆಲ್ಲಿಸುವ ಇಂಪಾರ್ಟೆಂಟ್ ಹಚ್ಚುವ ಅಭ್ಯಾಸ ಬಿಡುತ್ತಾರೆ.

ಹಳದಿ ತ್ರಿಕೋನದ ಸಾಮಾನ್ಯ ಕಾರಣ ಸೆಮಿಕೋಲನ್ ಮರೆತದ್ದು. ಬಣ್ಣದ ಸಾಲಿನ ಕೊನೆಗೆ ಅದಿಲ್ಲದಿದ್ದರೆ ಮುಂದಿನ ಮಾರ್ಜಿನ್ ಸಾಲೂ ಬಣ್ಣದ ಬೆಲೆಯ ಭಾಗವೆಂದೇ ಬ್ರೌಸರ್ ಓದಿಕೊಳ್ಳುತ್ತದೆ. ಕೆಡುವುದು ಒಂದಲ್ಲ, ಎರಡೂ ಸಾಲು.

ಮಂಕಾದ ಸಾಲಿನ ವಿಷಯದಲ್ಲಿ ಫೈರ್‌ಫಾಕ್ಸ್ ಒಂದು ಹೆಜ್ಜೆ ಮುಂದೆ. ಸ್ಪ್ಯಾನ್‌ಗೆ ಅಗಲ ಕೊಟ್ಟರೆ, ಫ್ಲೆಕ್ಸ್ (ಒಳಗಿನದನ್ನು ಸಾಲಾಗಿ ಜೋಡಿಸುವ ವಿಧಾನ) ಅಲ್ಲದ ಡಬ್ಬಿಗೆ ಫ್ಲೆಕ್ಸ್‌ನ ಗುಣ ಹಚ್ಚಿದರೆ, ಪಕ್ಕದಲ್ಲಿ ಚಿಕ್ಕ ಗುರುತು ಬರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಯಾಕೆ ಪರಿಣಾಮವಿಲ್ಲ, ಏನು ಬದಲಿಸಬೇಕು ಎಂದು ಸರಳ ವಾಕ್ಯದಲ್ಲಿ ಹೇಳುತ್ತದೆ. 2019ರ ಆವೃತ್ತಿಯಿಂದ ಇದು ಫೈರ್‌ಫಾಕ್ಸ್‌ನಲ್ಲಿದೆ. ಕ್ರೋಮ್‌ಗೂ ಇಂಥದು ಆಮೇಲೆ ಬಂತು, ಆದರೆ ಸಿಎಸ್‌ಎಸ್ ಕಲಿಯುವ ಮೊದಲ ದಿನಗಳಿಗೆ ನಾವು ಸೂಚಿಸುವುದು ಫೈರ್‌ಫಾಕ್ಸನ್ನೇ.

ಎಲಿಮೆಂಟ್ ಹಿಡಿಯುವ ಜಾಗವನ್ನು ತೋರಿಸುವ ಬಾಕ್ಸ್ ಮಾಡೆಲ್ ಚಿತ್ರವನ್ನು ಕಡೆಗಣಿಸಬೇಡಿ. ಅಗಲ 300 ಪಿಕ್ಸೆಲ್, ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ) 20, ಬಾರ್ಡರ್ (ಅಂಚು) 1 ಎಂದು ಕೊಟ್ಟರೆ ಪರದೆಯಲ್ಲಿ ಡಬ್ಬಿ ಹಿಡಿಯುವ ಜಾಗ 342. ಪ್ಯಾಡಿಂಗ್ ಮತ್ತು ಬಾರ್ಡರ್ ಎರಡೂ ಬದಿಗೆ ಸೇರುತ್ತವೆ. ಸ್ಟೈಲ್ಸ್‌ನಲ್ಲಿ ಬಾಕ್ಸ್ ಸೈಜಿಂಗ್ ಅನ್ನು ಬಾರ್ಡರ್ ಬಾಕ್ಸ್ ಮಾಡಿ ನೋಡಿ: ಒಟ್ಟು 300ಕ್ಕೆ ನಿಲ್ಲುತ್ತದೆ, ಒಳಗಿನ ಜಾಗ 258ಕ್ಕೆ ಇಳಿಯುತ್ತದೆ. ಒಂದರ ಕೆಳಗೊಂದು ಇರುವ ಎರಡು ಬ್ಲಾಕ್‌ಗಳಿಗೆ 20 ಮತ್ತು 30 ಪಿಕ್ಸೆಲ್ ಮಾರ್ಜಿನ್ (ಅಂಚಿನ ಹೊರಗಿನ ಜಾಗ) ಇದ್ದರೆ ನಡುವಿನ ಅಂತರ 50 ಅಲ್ಲ, 30. ಮೇಲೆ ಕೆಳಗಿನ ಮಾರ್ಜಿನ್‌ಗಳು ಒಂದರಲ್ಲೊಂದು ಸೇರಿ ದೊಡ್ಡದು ಉಳಿಯುತ್ತದೆ. ಫ್ಲೆಕ್ಸ್ ಮತ್ತು ಗ್ರಿಡ್‌ನೊಳಗೆ ಹೀಗಾಗುವುದಿಲ್ಲ.

ಕನ್ಸೋಲ್ ಜಾವಾಸ್ಕ್ರಿಪ್ಟ್‌ನ ಪ್ರಯೋಗಶಾಲೆ. "5" + 3 ಎಂದು ಬರೆದರೆ "53" ಬರುತ್ತದೆ, "5" - 3 ಎಂದರೆ 2. ಫಾರ್ಮ್‌ನ ಇನ್‌ಪುಟ್‌ನಿಂದ ತೆಗೆದ ವ್ಯಾಲ್ಯೂ ಯಾವಾಗಲೂ ಸ್ಟ್ರಿಂಗ್, ಅಂದರೆ ಪಠ್ಯ. ಲೆಕ್ಕ ಹಾಕುವ ಪುಟದಲ್ಲಿ ಮೊತ್ತ ವಿಚಿತ್ರವಾಗಿ ಬರುವುದು ಇದರಿಂದಲೇ. ನಂಬರ್ ಫಂಕ್ಷನ್‌ಗೆ ಹಾಕಿ ಬದಲಿಸಿಕೊಂಡ ಮೇಲೆ ಕೂಡಿಸಬೇಕು. ಎಲಿಮೆಂಟ್ಸ್‌ನಲ್ಲಿ ಯಾವುದನ್ನಾದರೂ ಆರಿಸಿ ಕನ್ಸೋಲ್‌ಗೆ ಬಂದು $0 ಎಂದು ಬರೆದರೆ ಅದೇ ಎಲಿಮೆಂಟ್ ಕೈಗೆ ಸಿಗುತ್ತದೆ.

ಹೊಸಬರನ್ನು ಅತಿ ಹೆಚ್ಚು ಕಾಡುವ ಕೆಂಪು ಸಾಲು, ನಲ್‌ನ (ಏನೂ ಸಿಗಲಿಲ್ಲ ಎಂಬ ಬೆಲೆಯ) ಗುಣಗಳನ್ನು ಓದಲಾಗದು ಎಂಬುದು. ಬಹುಪಾಲು ಸಲ ಕಾರಣ ಇಷ್ಟೇ: ಸ್ಕ್ರಿಪ್ಟ್ ಟ್ಯಾಗ್ ಹೆಡ್‌ನಲ್ಲಿದೆ, ಅದು ಓಡುವ ಹೊತ್ತಿಗೆ ಬಟನ್ ಇನ್ನೂ ಹುಟ್ಟಿಲ್ಲ. ಹೊರಗಿನ ಫೈಲಾದರೆ ಸ್ಕ್ರಿಪ್ಟ್ ಟ್ಯಾಗ್‌ಗೆ ಡಿಫರ್ ಸೇರಿಸಿ. ಇಡೀ ಪುಟ ಓದಿದ ಮೇಲೆ ಓಡುತ್ತದೆ. ಆದರೂ ನಲ್ ಬಂದರೆ ಸೆಲೆಕ್ಟರ್‌ನಲ್ಲಿ ಚುಕ್ಕಿಯೋ ಹ್ಯಾಶೋ ಬಿಟ್ಟುಹೋಗಿರಬಹುದು. ಕೆಂಪು ಸಾಲಿನ ಬಲತುದಿಯಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ ಇರುತ್ತವೆ. ಸಂದೇಶ ಓದುವ ಮೊದಲೇ ಅದರ ಮೇಲೆ ಕ್ಲಿಕ್ ಮಾಡುವುದನ್ನು ರೂಢಿಸಿಕೊಳ್ಳಿ.

ಕನ್ಸೋಲ್‌ನಲ್ಲಿ ಒಂದು ಬಲೆಯೂ ಇದೆ. ಆಬ್ಜೆಕ್ಟ್ ಒಂದನ್ನು ಲಾಗ್ ಮಾಡಿ (ಕನ್ಸೋಲ್‌ನಲ್ಲಿ ತೋರಿಸಿ), ಆಮೇಲೆ ಬಾಣದ ಗುರುತು ಒತ್ತಿ ಬಿಡಿಸಿದರೆ ಕಾಣುವುದು ಬಿಡಿಸಿದ ಕ್ಷಣದ ಬೆಲೆ, ಲಾಗ್ ಮಾಡಿದ ಕ್ಷಣದ್ದಲ್ಲ. ನಡುವೆ ಕೋಡ್ ಅದನ್ನು ಬದಲಿಸಿದ್ದರೆ ಲಾಗ್ ದಾರಿ ತಪ್ಪಿಸುತ್ತದೆ. ಆ ಕ್ಷಣದ ಸ್ಥಿತಿಯೇ ಬೇಕಾದರೆ ಜೇಸನ್ ಸ್ಟ್ರಿಂಗ್ ಮಾಡಿ ಲಾಗ್ ಮಾಡಿ, ಇಲ್ಲವೇ ಸೋರ್ಸಸ್ ಪ್ಯಾನೆಲ್‌ನಲ್ಲಿ ಸಾಲಿನ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿ ಬ್ರೇಕ್‌ಪಾಯಿಂಟ್ ಇಡಿ. ಕೋಡ್ ಅಲ್ಲೇ ನಿಲ್ಲುತ್ತದೆ, ಎಲ್ಲ ವೇರಿಯಬಲ್‌ಗಳ ಬೆಲೆ ಪಕ್ಕದಲ್ಲಿ ಕಾಣುತ್ತದೆ. ಎಫ್10 ಒತ್ತಿದರೆ ಒಂದೊಂದೇ ಸಾಲು ಮುಂದೆ, ಎಫ್11 ಒತ್ತಿದರೆ ಫಂಕ್ಷನ್‌ನ ಒಳಕ್ಕೆ. ಇನ್ನೊಂದು ಮಾತು: ಕನ್ಸೋಲ್‌ಗೆ ಮೊದಲ ಸಲ ಪೇಸ್ಟ್ ಮಾಡಲು ಹೋದರೆ ಬ್ರೌಸರ್ ಎಚ್ಚರಿಸಿ ತಡೆಯುತ್ತದೆ. ಅಪರಿಚಿತರು ಕೊಟ್ಟ ಕೋಡನ್ನು ಅಲ್ಲಿ ಓಡಿಸಿದರೆ ನಿಮ್ಮ ಲಾಗಿನ್ ಅವರ ಪಾಲಾಗಬಹುದು, ಆ ತಡೆ ಇರುವುದು ಅದಕ್ಕೆ. ಅರ್ಥವಾಗದ ಕೋಡ್ ಯಾರೇ ಕೊಟ್ಟರೂ ಅಲ್ಲಿ ಅಂಟಿಸಬೇಡಿ.

ಕ್ಲೈಂಟ್, ಸರ್ವರ್, ರಿಕ್ವೆಸ್ಟ್, ರೆಸ್ಪಾನ್ಸ್ ಎಂಬ ಪದಗಳು ಬರೀ ಪದಗಳಾಗಿ ಉಳಿಯಬಾರದು ಎಂದರೆ ನೆಟ್‌ವರ್ಕ್ ಪ್ಯಾನೆಲ್ ನೋಡಬೇಕು. ಮೊದಲು ಪ್ಯಾನೆಲ್ ತೆರೆಯಿರಿ, ಆಮೇಲೆ ಪುಟ ರೀಲೋಡ್ ಮಾಡಿ. ತೆರೆಯುವ ಮೊದಲು ನಡೆದದ್ದು ದಾಖಲಾಗಿರುವುದಿಲ್ಲ, ಖಾಲಿ ಪಟ್ಟಿ ನೋಡಿ ಕೆಟ್ಟಿದೆ ಎಂದುಕೊಳ್ಳಬೇಡಿ. ಒಂದು ಪುಟ ಎಂದುಕೊಂಡದ್ದು ಎಚ್‌ಟಿಎಂಎಲ್, ಸಿಎಸ್‌ಎಸ್, ಚಿತ್ರ, ಫಾಂಟ್ ಎಂದು ಹತ್ತಾರು ರಿಕ್ವೆಸ್ಟ್‌ಗಳಾಗಿ ಬಿಡಿಬಿಡಿಯಾಗಿ ಬರುವುದು ಇಲ್ಲಿ ಕಾಣುತ್ತದೆ. ಒಂದರ ಮೇಲೆ ಕ್ಲಿಕ್ ಮಾಡಿದರೆ ಕಳಿಸಿದ ಹೆಡರ್, ಬಂದ ಹೆಡರ್, ಬಂದ ಮಾಹಿತಿ ಎಲ್ಲವೂ ಸಿಗುತ್ತವೆ. ಟೈಮಿಂಗ್ ಭಾಗದಲ್ಲಿ ಡಿಎನ್‌ಎಸ್ ಹುಡುಕಾಟಕ್ಕೆ (ಸೈಟಿನ ಹೆಸರಿನಿಂದ ಸರ್ವರ್ ವಿಳಾಸ ಪತ್ತೆಗೆ) ಎಷ್ಟು, ಸಂಪರ್ಕಕ್ಕೆ ಎಷ್ಟು, ಸರ್ವರ್‌ನ ಉತ್ತರಕ್ಕೆ ಕಾದದ್ದು ಎಷ್ಟು, ಡೌನ್‌ಲೋಡ್‌ಗೆ ಎಷ್ಟು ಎಂಬ ಲೆಕ್ಕವಿದೆ. ಕಾದ ಹೊತ್ತೇ ಹೆಚ್ಚಿದ್ದರೆ ಮೊದಲು ನೋಡಬೇಕಾದದ್ದು ಸರ್ವರ್ ಕಡೆ. ಚಿತ್ರದ ಗಾತ್ರ ಇಳಿಸಿ ಪ್ರಯೋಜನವಿಲ್ಲ.

ಸ್ಟೇಟಸ್ ಕೋಡ್‌ಗಳಲ್ಲಿ 200 (ಸರಿಯಿದೆ), 404 (ಸಿಗಲಿಲ್ಲ), 500 (ಸರ್ವರ್ ದೋಷ) ಬೇಗ ಅರ್ಥವಾಗುತ್ತವೆ. 304 ಬಂದರೆ ಗಾಬರಿ ಬೇಡ, ನಿಮ್ಮಲ್ಲಿರುವ ಪ್ರತಿಯೇ ಸಾಕು ಎಂದು ಸರ್ವರ್ ಹೇಳುತ್ತಿದೆ. ಸಿಎಸ್‌ಎಸ್ ಬದಲಿಸಿದರೂ ಪುಟ ಬದಲಾಗದಿದ್ದರೆ ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ ಬಳಸದಂತೆ ಡಿಸೇಬಲ್ ಕ್ಯಾಶ್‌ಗೆ ಟಿಕ್ ಹಾಕಿ. ಡೆವ್‌ಟೂಲ್ಸ್ ತೆರೆದಿರುವವರೆಗೆ ಮಾತ್ರ ಅದು ಲೆಕ್ಕಕ್ಕೆ. ವಿಂಡೋಸ್‌ನಲ್ಲಿ ಸರಿಯಿದ್ದ ಪುಟ ಹೋಸ್ಟಿಂಗ್‌ಗೆ ಹಾಕಿದ ಮೇಲೆ 404 ಕೊಟ್ಟರೆ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡಿ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಎಲ್ಲ ಹೆಸರನ್ನೂ ಚಿಕ್ಕಕ್ಷರದಲ್ಲಿ ಇಟ್ಟರೆ ಈ ತೊಂದರೆಯೇ ಇಲ್ಲ.

ಫೆಚ್ (ಜಾವಾಸ್ಕ್ರಿಪ್ಟ್‌ನಿಂದ ರಿಕ್ವೆಸ್ಟ್ ಕಳಿಸುವ ವಿಧಾನ) ಕಲಿಯುವಾಗ ಈ ಪ್ಯಾನೆಲ್ ಅನಿವಾರ್ಯ. ಸರ್ವರ್ 404 ಕೊಟ್ಟರೂ ಫೆಚ್ ಅದನ್ನು ಸೋಲು ಎಂದು ಎಣಿಸುವುದಿಲ್ಲ, ದೋಷ ಹಿಡಿಯುವ ಕ್ಯಾಚ್ ಭಾಗಕ್ಕೆ ಹೋಗುವುದೂ ಇಲ್ಲ. ರೆಸ್ಪಾನ್ಸ್‌ನ ಓಕೆ ಗುಣವನ್ನು ನೀವೇ ಪರೀಕ್ಷಿಸಬೇಕು. ಸಾದಾ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಿದ್ದರೆ ಅಕ್ಕಪಕ್ಕದ ಫೈಲುಗಳನ್ನು ಫೆಚ್ ಮಾಡುವುದಾಗಲಿ ಮಾಡ್ಯೂಲ್ ತರಿಸುವುದಾಗಲಿ ನಡೆಯುವುದಿಲ್ಲ. ವಿಎಸ್ ಕೋಡ್‌ನ ಲೈವ್ ಸರ್ವರ್‌ನಂಥ ಒಂದು ಲೋಕಲ್ ಸರ್ವರ್ ಬೇಕು. ಕಾರ್ಸ್ (ಬೇರೆ ಮೂಲದಿಂದ ಬಂದ ಉತ್ತರವನ್ನು ಓದಲು ಬೇಕಾದ ಅನುಮತಿಯ ವ್ಯವಸ್ಥೆ) ದೋಷದ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆಯದರ ಬಗ್ಗೆ ಇಲ್ಲ. ನಿಮ್ಮದೇ ಕಂಪ್ಯೂಟರ್‌ನ ವಿಳಾಸಗಳಾದ ಲೋಕಲ್‌ಹೋಸ್ಟ್ 3000 ಮತ್ತು ಲೋಕಲ್‌ಹೋಸ್ಟ್ 5000 ಬ್ರೌಸರ್‌ಗೆ ಎರಡು ಬೇರೆ ಮೂಲಗಳು. ಅನೇಕ ಸಲ ರಿಕ್ವೆಸ್ಟ್ ಸರ್ವರ್ ಮುಟ್ಟಿರುತ್ತದೆ, ಉತ್ತರವೂ ಬಂದಿರುತ್ತದೆ. ಆ ಉತ್ತರವನ್ನು ನಿಮ್ಮ ಕೋಡ್ ಓದದಂತೆ ಬ್ರೌಸರ್ ತಡೆದಿದೆ, ಅಷ್ಟೇ. ಸರಿಪಡಿಸಬೇಕಾದದ್ದು ಸರ್ವರ್ ಕಳಿಸುವ ಹೆಡರ್‌ನಲ್ಲಿ. ಫೆಚ್‌ಗೆ ನೋ-ಕಾರ್ಸ್ ಮೋಡ್ ಕೊಟ್ಟರೆ ಕೆಂಪು ಸಾಲು ಹೋಗುತ್ತದೆ, ಮಾಹಿತಿ ಮಾತ್ರ ಓದಲು ಸಿಗುವುದಿಲ್ಲ.

ಸೈಟು ಬ್ರೌಸರ್‌ನಲ್ಲಿ ಮಾಹಿತಿ ಉಳಿಸಿಡುವ ಕುಕೀ ಮತ್ತು ಲೋಕಲ್ ಸ್ಟೋರೇಜ್ ನೋಡಲು ಕ್ರೋಮ್‌ನಲ್ಲಿ ಅಪ್ಲಿಕೇಷನ್, ಫೈರ್‌ಫಾಕ್ಸ್‌ನಲ್ಲಿ ಸ್ಟೋರೇಜ್ ಪ್ಯಾನೆಲ್. ಲೋಕಲ್ ಸ್ಟೋರೇಜ್‌ನಲ್ಲಿ ಏನಿಟ್ಟರೂ ಸ್ಟ್ರಿಂಗ್ ಆಗುತ್ತದೆ. ಫಾಲ್ಸ್ ಎಂದಿಟ್ಟು ವಾಪಸ್ ತೆಗೆದರೆ ಅದು ಖಾಲಿಯಲ್ಲದ ಸ್ಟ್ರಿಂಗ್, ಹಾಗಾಗಿ ಇಫ್ ಷರತ್ತಿನಲ್ಲಿ ನಿಜ ಎಂದೇ ಗಣನೆಗೆ ಬರುತ್ತದೆ.

ಕೊರತೆಗಳಿವೆ. ಮೊದಲನೆಯದು, ಇಲ್ಲಿ ಮಾಡಿದ ಬದಲಾವಣೆ ರಿಫ್ರೆಶ್ ಆದ ಕೂಡಲೇ ಅಳಿಸಿಹೋಗುತ್ತದೆ. ಸರಿಹೊಂದಿದ ಸಾಲನ್ನು ಆಗಿಂದಾಗ್ಗೆ ನಿಮ್ಮ ಫೈಲಿಗೆ ನಕಲು ಮಾಡಿಕೊಳ್ಳಿ; ಕ್ರೋಮ್‌ನ ಓವರ್‌ರೈಡ್ಸ್ ಬದಲಾವಣೆ ಉಳಿಸಿಕೊಡುತ್ತದಾದರೂ ಶುರುವಿಗೆ ಅದು ಗೊಂದಲವೇ. ಎರಡನೆಯದು, ಪ್ಯಾನೆಲ್‌ಗಳ ದಂಡು. ಪರ್ಫಾರ್ಮೆನ್ಸ್, ಮೆಮೊರಿ ಸದ್ಯಕ್ಕೆ ಮುಟ್ಟಬೇಕಿಲ್ಲ. ಪುಟದ ಗುಣಮಟ್ಟ ಅಳೆಯುವ ಲೈಟ್‌ಹೌಸ್‌ನ ಅಂಕವನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಎಕ್ಸ್‌ಟೆನ್ಷನ್‌ಗಳ ಭಾರವೂ ಅದರಲ್ಲಿ ಸೇರುತ್ತದೆ. ಸಿಎಸ್‌ಎಸ್‌ಗೆ ಫೈರ್‌ಫಾಕ್ಸ್ ಎಂದೆವು. ಜಾವಾಸ್ಕ್ರಿಪ್ಟ್ ಮತ್ತು ನೆಟ್‌ವರ್ಕ್‌ಗೆ ಕ್ರೋಮ್ ಇರಲಿ. ಎರಡನ್ನೂ ಇಟ್ಟುಕೊಂಡರೆ ನಷ್ಟವೇನಿಲ್ಲ.

ಮೂರನೆಯದು, ಪುಟ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸುವ ಮೊಬೈಲ್ ನೋಟದ ಮಿತಿ. ಅದು ತೆರೆಯನ್ನು ಕಿರಿದಾಗಿಸಿ ಟಚ್ ಅನುಕರಿಸುತ್ತದೆ, ಫೋನಿನ ಪ್ರೊಸೆಸರ್ ಆಗಲಿ ಐಫೋನ್ ಸಫಾರಿಯ ಎಂಜಿನ್ ಆಗಲಿ ಅದರಲ್ಲಿಲ್ಲ. ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟದ ಅಗಲವನ್ನು ಫೋನಿಗೆ ತಿಳಿಸುವ ಸಾಲು) ಬಿಟ್ಟರೆ ಫೋನು ಪುಟವನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲಕ್ಕೆ ಜೋಡಿಸಿ ಕುಗ್ಗಿಸುತ್ತದೆ, ಅಕ್ಷರ ಇರುವೆಯಷ್ಟಾಗುತ್ತದೆ. ಈ ತಪ್ಪು ಮೊಬೈಲ್ ನೋಟದಲ್ಲೂ ಸಿಕ್ಕಿಬೀಳುತ್ತದೆ. ಕೀಬೋರ್ಡ್ ಮೇಲೆದ್ದಾಗ ಬಟನ್ ಮುಚ್ಚಿಹೋಗುವುದು, ಸ್ಕ್ರಾಲ್ ತಡವರಿಸುವುದು ಸಿಗುವುದಿಲ್ಲ. ಅದಕ್ಕೆ ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ, ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆದರೆ ಫೋನಿನಲ್ಲಿ ತೆರೆದಿರುವ ಟ್ಯಾಬ್‌ಗಳ ಪಟ್ಟಿ ಬರುತ್ತದೆ. ಅಲ್ಲಿಂದ ಇದೇ ಪ್ಯಾನೆಲ್‌ಗಳು ನಿಜವಾದ ಫೋನಿನ ಪುಟದ ಮೇಲೆ ಕೆಲಸ ಮಾಡುತ್ತವೆ. ಐಫೋನ್‌ಗೆ ಇದೇ ಕೆಲಸ ಮಾಡಲು ಮ್ಯಾಕ್ ಮತ್ತು ಸಫಾರಿ ಬೇಕು.