ಐರ್ಲೆಂಡಿನ ಹಳ್ಳಿಗೆ ಬಂದಿದ್ದೀರಾ? ಹರ್ಲಿಂಗ್, ಸಂಗೀತ, ಟೈಡಿ ಟೌನ್ಸ್: ಯಾವುದಕ್ಕೆ ಸೇರಬೇಕು

ಖರ್ಚು ನೋಡಿದರೆ ಟೈಡಿ ಟೌನ್ಸ್ (ಊರನ್ನು ಚೊಕ್ಕಟವಾಗಿಡುವ ಸ್ವಯಂಸೇವಕರ ಗುಂಪು) ಹಗುರ. ಗ್ಲೌಸು, ಹಳೇ ಬೂಟು ಇದ್ದರೆ ಆಯ್ತು. ಐರಿಷ್ ಸಾಂಪ್ರದಾಯಿಕ ಸಂಗೀತದ ಸಂಸ್ಥೆ ಕೋಲ್ತಸ್‌ನ ಶಾಖೆಯಲ್ಲಿ ಪಾಠಕ್ಕೆ ಶುಲ್ಕವುಂಟು. ಡಿ ಶ್ರುತಿಯ ಟಿನ್ ವಿಸಲ್ (ಲೋಹದ ಪುಟ್ಟ ಕೊಳಲು) 10–15 ಯೂರೋಗೆ ಸಿಗುತ್ತದೆ. ಫಿಡ್ಲು (ಪಿಟೀಲು), ಕನ್ಸರ್ಟಿನಾ (ಕೈಯಲ್ಲಿ ಹಿಡಿದು ನುಡಿಸುವ ತಿದಿವಾದ್ಯ) ಮಾತ್ರ ಮೊದಲು ಬಾಡಿಗೆಗೆ ಕೇಳಿ.

ಹರ್ಲಿಂಗ್ ಅಂದರೆ ಕೋಲಿನಿಂದ ಚೆಂಡು ಹೊಡೆಯುವ ಐರಿಷ್ ಆಟ. ಅದನ್ನು ಆಡಿಸುವ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಕ್ಲಬ್ಬಿನಲ್ಲಿ ಸದಸ್ಯತ್ವದ ಜೊತೆ ಹರ್ಲಿಂಗ್ ಕೋಲು, ಮುಖಜಾಲರಿಯ ಹೆಲ್ಮೆಟ್ ಬೇಕು. ಹೆಲ್ಮೆಟ್ 2010ರಿಂದ ಎಲ್ಲರಿಗೂ ಕಡ್ಡಾಯ. ಹೆಚ್ಚಿನವರು ಎಡವುವುದು ಕೋಲಿನ ಅಳತೆಯಲ್ಲಿ: ಮಗು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ನೆಲಕ್ಕೆ ಊರಿದ ಕೋಲಿನ ಮೇಲ್ತುದಿ ಮಣಿಕಟ್ಟಿನ ಹತ್ತಿರ ಬರಬೇಕು. ಬೆಳೆಯುವ ಮಗು ಅಂತ ಉದ್ದದ್ದು ತಂದರೆ ಕೈ ಕೆಳಕ್ಕೆ ಜಾರಿ, ಬೀಸುವ ಅಭ್ಯಾಸವೇ ಕೆಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಸಮಯದ ಲೆಕ್ಕ ಬೇರೆ. ಹರ್ಲಿಂಗ್ ಅಂದರೆ ವಾರಕ್ಕೆ ಒಂದೆರಡು ಸಂಜೆ ಅಭ್ಯಾಸ, ಮೇಲೆ ಪಂದ್ಯ. ಬಸ್ಸಿಲ್ಲದ ಊರಲ್ಲಿ ಕಾರು ಓಡಿಸುವವರು ಬೇಕೇ ಬೇಕು. ಸಂಗೀತಕ್ಕೆ ವಾರಕ್ಕೊಂದು ಪಾಠ, ಆದರೆ ಮನೆಯಲ್ಲಿ ದಿನವೂ ನುಡಿಸಬೇಕು. ಆಸ್ಪತ್ರೆಯ ಪಾಳಿ ಕೆಲಸದವರಿಗೆ ಟೈಡಿ ಟೌನ್ಸ್ ಒಗ್ಗುತ್ತದೆ, ಒಂದು ವಾರ ತಪ್ಪಿದರೂ ತೊಂದರೆಯಿಲ್ಲ.

ಶಾಲೆಗೆ ಹೋಗುವ ಮಕ್ಕಳಿಗೆ ಗೆಳೆಯರು ಬೇಗ ಸಿಗುವುದು ಜಿಎಎ ಮೈದಾನದಲ್ಲೇ. ಓಡಾಟ ಇಷ್ಟವಿಲ್ಲದ ಮಗುವಿಗೆ ವಿಸಲ್ ಕೊಡಿಸಿ. ಕೋಚಿಂಗಿಗೆ ಕೈಜೋಡಿಸುವುದಾದರೆ ಗಾರ್ಡಾ (ಐರಿಷ್ ಪೊಲೀಸ್) ಹಿನ್ನೆಲೆ ಪರಿಶೀಲನೆಯ ಅರ್ಜಿಯನ್ನು ಮೊದಲೇ ಹಾಕಿ, ಅದು ಮುಗಿಯದೆ ಮಕ್ಕಳ ಜೊತೆ ಕೆಲಸಕ್ಕೆ ಬಿಡುವುದಿಲ್ಲ.