ಕೊಡಗಿನ ದಾರಿಗೆ ಯಾವ ಟೈರು: ಹೈವೇ, ಆಲ್ ಟೆರೇನ್, ಮಡ್ ಟೆರೇನ್?

ನಿಮ್ಮ ಓಡಾಟ ಹೆಚ್ಚಾಗಿ ಮಡಿಕೇರಿ–ಮೈಸೂರು ಡಾಂಬರಿನಲ್ಲೇ ಇದ್ದು, ತೋಟದ ಗೇಟಿನವರೆಗೂ ಕಾಂಕ್ರೀಟು ಬಿದ್ದಿದ್ದರೆ ಹೈವೇ ಟೈರೇ ಸಾಕು. ಸದ್ದು ಕಡಿಮೆ, ಮೈಲೇಜೂ ಚೆನ್ನ.

ಕಷ್ಟ ಶುರುವಾಗುವುದು ಜೂನ್‌ನಲ್ಲಿ. ತೋಟದೊಳಗಿನ ಕೆಂಪು ಮಣ್ಣು ನೆನೆದರೆ ಹೈವೇ ಟೈರಿನ ಸಣ್ಣ ಗೀರುಗಳಲ್ಲಿ ಕೆಸರು ತುಂಬಿ, ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ಡಾಂಬರಿಗೂ ಮಣ್ಣುದಾರಿಗೂ ಎರಡಕ್ಕೂ ಆಗುವ ಆಲ್ ಟೆರೇನ್‌ನಲ್ಲಿ ಗೀರು ಆಳ, ನಡುವಿನ ಜಾಗವೂ ಹೆಚ್ಚು. ತಿರುಗುವಾಗ ಕೆಸರು ಉದುರಿ ಹಿಡಿತ ಉಳಿಯುತ್ತದೆ. ಮಾಂದಲಪಟ್ಟಿಯಂಥ ಕಲ್ಲುದಾರಿಯಲ್ಲಿ ಇದರ ಗಟ್ಟಿ ಪಕ್ಕೆ ನಿಜಕ್ಕೂ ಕಾಪಾಡುತ್ತದೆ. ತೂಕ ಹೆಚ್ಚಿರುವುದರಿಂದ ಡೀಸೆಲ್ ತುಸು ಜಾಸ್ತಿ ಕುಡಿಯುತ್ತದೆ. ಡಾಂಬರಿನಲ್ಲಿ ಗುಂಯ್ ಅನ್ನುವ ಸದ್ದೂ ಇದೆ.

ಮಡ್ ಟೆರೇನ್ ಮೊಣಕಾಲುದ್ದ ಕೆಸರಿಗೆ ರಾಜ. ಆದರೆ ಸಂಪಾಜೆ ಘಾಟಿಯ ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ನಾನಂತೂ ಹಾಕಿಸುವುದಿಲ್ಲ.

ತೋಟವೂ ಘಾಟಿಯೂ ಎರಡೂ ಇರುವವರಿಗೆ ನನ್ನ ಆಯ್ಕೆ ಆಲ್ ಟೆರೇನ್. ಸೈಜು, ಗಾಳಿಯ ಒತ್ತಡ ಡ್ರೈವರ್ ಬಾಗಿಲಿನ ಸ್ಟಿಕ್ಕರ್‌ನಲ್ಲಿ ಸಿಗುತ್ತದೆ. ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆ) ಮೂಲ ಟೈರಿಗಿಂತ ಕಡಿಮೆ ಇರಬಾರದು. ಗೀರಿನೊಳಗಿನ ಸವೆತದ ಗುರುತು, ಗೀರಿನ ಆಳ 1.6 ಮಿ.ಮೀ.ಗೆ ಇಳಿದದ್ದನ್ನು ತೋರಿಸುತ್ತದೆ. ನಮ್ಮ ಮಳೆಗೆ ಅಷ್ಟರವರೆಗೆ ಕಾಯಬೇಡಿ, 3 ಮಿ.ಮೀ.ಗೆ ಬಂದಾಗಲೇ ಬದಲಿಸಿ. ಕೆಸರಿಗೆಂದು ಗಾಳಿ ಇಳಿಸಿದ್ದರೆ, ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಿ.